ಮುಡಬಿಯಲ್ಲಿ ಯಾರೂ ಎತ್ತದ ಫೋನು

ನೀರಿಳಿದ ತಂತಿ ಕಿವಿಗೆ ಹೇಗೆ ಕೇಳುತ್ತಿತ್ತು ಗೊತ್ತೇ? ಪಂಚಮಿಗೆ ಜೋಳದ ಅಳ್ಳು ಹುರಿಯುವಾಗ ಬಾಣಲೆ ಕಾಯ್ದ ಹೊಸದರಲ್ಲಿ ನಾಲ್ಕು ಕಾಳು ಸಿಡಿಯುತ್ತವಲ್ಲ, ಹಾಗೆ. ಚಟ್, ಚಟ್. ಸ್ವಲ್ಪ ಹೊತ್ತು ಸುಮ್ಮನೆ. ಮತ್ತೆ ಚಟಚಟ. ಹುಮನಾಬಾದಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದೂರು ತೆಗೆದುಕೊಳ್ಳುವ ಮೇಜಿಗೆ ಕುಳಿತು ಹೆಡ್‌ಸೆಟ್ ಹಾಕಿಕೊಂಡರೆ ಆ ಸದ್ದು ಕೇಳಿಯೇ ಹೇಳುತ್ತಿದ್ದೆ, ಇದು ಕಂಬದ ಮೇಲಿನ ಜೋಡಣೆ, ಇದು ಮನೆಯೊಳಗಿನದು ಅಂತ. ಈಗಲೂ ಅಡುಗೆಮನೆಯಲ್ಲಿ ಒಗ್ಗರಣೆ ಸಿಡಿದರೆ ನನ್ನ ಕೈ ಪೆನ್ನು ಹುಡುಕುತ್ತದೆ. ಓಲ್ಡ್ ಹ್ಯಾಬಿಟ್ಸ್, ಏನು ಮಾಡುವುದು.

ಈಗ ಈ ಕೆಲಸಕ್ಕೆ ಸೇರುವ ಹುಡುಗಿಯರಿಗೆ ಆ ಸದ್ದಿನ ಭಾಗ್ಯ ಇಲ್ಲ. ಫೈಬರ್ ಎಂದರೆ ಗಾಜಿನ ಎಳೆ, ಬೆಳಕು ಹರಿಯುತ್ತದೆ, ಬಾಯಿ ಬಿಡುವುದಿಲ್ಲ. ಆದರೂ ನೀವು ಕೇಳುತ್ತೀರಿ, ಮಿಸ್, ನಿಮ್ಮ ಕಾಲದಲ್ಲಿ ಹೇಗಿತ್ತು ಅಂತ. ಹೇಳುತ್ತೇನೆ. ಪ್ರಮೋಶನ್ ಯಾವಾಗ ಬಂತು, ಯಾವಾಗ ಬರಲಿಲ್ಲ, ಅದನ್ನು ಬರೆಯುವುದಿಲ್ಲ. ಓದಲು ಬೋರು, ಬರೆಯಲು ಇನ್ನೂ ಬೋರು.

ನಾನು ಮೊದಲು ಬಸವಕಲ್ಯಾಣದಲ್ಲಿ, ಪರ ಊರಿನ ಕರೆ ಜೋಡಿಸುವ ಟ್ರಂಕ್ ಬೋರ್ಡಿನಲ್ಲಿ ಆಪರೇಟರ್ ಆಗಿದ್ದೆ. ಕಾನ್ವೆಂಟಿನ ಸಿಸ್ಟರ್‌ಗಳು ನನಗೆ ಕಲಿಸಿದ್ದು ಎರಡೇ: ನೆಟ್ಟಗೆ ಕೂರುವುದು ಮತ್ತು ‘ಪ್ಲೀಸ್’ ಅನ್ನುವುದು. ಎರಡೂ ಆ ಬೋರ್ಡಿನ ಮುಂದೆ ಉಪಯೋಗಕ್ಕೆ ಬಂದವು. ‘ನಂಬರ್ ಪ್ಲೀಸ್’ ಎಂದು ದಿನವಿಡೀ ಅನ್ನುತ್ತಿದ್ದ ನನ್ನನ್ನು ಊರವರು ‘ಪ್ಲೀಸ್ ಮಿಸ್’ ಎಂದು ಕರೆದು, ಕಡೆಗೆ ಬರೀ ಮಿಸ್ ಉಳಿಯಿತು. ಬೋರ್ಡು ಮುಚ್ಚಿದ ಮೇಲೆ ಹುಮನಾಬಾದಿನ ದೂರಿನ ಮೇಜಿಗೆ ಬಂದೆ. ಬಸವಕಲ್ಯಾಣದ ಕಡೆಯ ಹಳ್ಳಿಗಳ ದೂರೂ ಅಲ್ಲಿಗೇ ಬರುತ್ತಿತ್ತು. ಅಲ್ಲಿದ್ದಾಗಲೇ ಬ್ರಾಡ್‌ಬ್ಯಾಂಡ್ ಬಂತು, ಅದೇ ಹಳೆಯ ತಾಮ್ರದ ತಂತಿಯ ಮೇಲೆ, ಮುದಿ ಎತ್ತಿಗೆ ಹೊಸ ಬಂಡಿ ಕಟ್ಟಿದ ಹಾಗೆ.

ಮೊದಮೊದಲು ತೆಗೆದುಕೊಂಡವರಲ್ಲಿ ಧಾನ್ಯದ ಮಾರ್ಕೆಟ್ಟಿನ ಕಮಿಷನ್ ಮೇಲೆ ಮಾಲು ಮಾರುವ ಒಬ್ಬ ಅಡತಿ ಶೇಠ ಇದ್ದರು. ಮಗಳ ಕೈಯಲ್ಲಿ ಲಾತೂರಿನ ವ್ಯಾಪಾರಿಗೆ ಈಮೇಲ್ ಬರೆಯಿಸಿ, ಕಳಿಸಿದ ಕೂಡಲೇ ನನಗೆ ಫೋನ್ ಮಾಡುತ್ತಿದ್ದರು.

“ಮಿಸ್, ಲಾತೂರಿಗೆ ಮೇಲ್ ಬಿಟ್ಟೀನಿ. ಮುಟ್ಟೇದೇನು ಒಮ್ಮೆ ನೋಡ್ರಲ್ಲ.”

“ಅದು ನಮಗೆ ಕಾಣುವುದಿಲ್ಲ ಶೇಠಜೀ.”

“ಹಾಂಗ ಹ್ಯಾಂಗ್ರಿ? ತಾರ ನಿಮ್ಮದು, ಕಂಬ ನಿಮ್ಮದು. ಅದರಾಗಿಂದನ ಹೋಗೇದ. ನೀವು ನೋಡಂಗಿಲ್ಲ ಅಂದ್ರ ಯಾರು ನೋಡ್ಬೇಕು?”

ಕಡೆಗೆ ಅವರೇ ಲಾತೂರಿಗೆ ಫೋನ್ ಮಾಡಿ ಮೇಲ್ ಮುಟ್ಟಿತೇ ಎಂದು ಕೇಳುತ್ತಿದ್ದರು. ಕೇಳುವಾಗ ಮೇಲ್‌ನಲ್ಲಿದ್ದ ತೊಗರಿಯ ರೇಟನ್ನೂ ಬಾಯಲ್ಲೇ ಹೇಳಿಬಿಡುತ್ತಿದ್ದರು. ಆಮೇಲೆ ಲಾತೂರಿನವರು ಆ ಮೇಲ್ ತೆರೆಯುತ್ತಲೇ ಇರಲಿಲ್ಲ.

ಮಾಣಿಕನಗರದಲ್ಲಿ ತೆಂಗಿನಕಾಯಿ ಅಂಗಡಿಯ ಅಜ್ಜಿಯೊಬ್ಬರ ಮನೆಯಲ್ಲಿ ಸಂಜೆಯಾದರೆ ನೆಟ್ ಸಾಯುತ್ತಿತ್ತು. ಲೈನ್‌ಮನ್ ಹೋಗಿ ನೋಡಿದರೆ ಮೋಡೆಮ್ಮಿಗೆ ಉಲ್ಲನ್ನಿನ ಟೊಪ್ಪಿಗೆ. “ಹಸರ ದೀಪ ರಾತ್ರಿ ಎಲ್ಲಾ ಕಣ್ಣು ಬಿಟ್ಟು ನನ್ನs ನೋಡತದ್ರಿ, ನಿದ್ದಿ ಹತ್ತಂಗಿಲ್ಲ. ಅದಕ್ಕ ಮುಸುಕು ಹಾಕೀನಿ” ಅಂದರು. ಅವನು ತಂದು ತೋರಿಸಿದ ಆ ಹೆಣಿಗೆ ಮಾತ್ರ ಬ್ಯೂಟಿಫುಲ್. ಒಳಗೆ ಮೋಡೆಮ್ ಬಜ್ಜಿಯ ಹಾಗೆ ಬೆಂದಿತ್ತು.

ಇಂಥವು ಎಷ್ಟೋ. ಆದರೆ ನೀವು ತಿಳಿಯಲೇಬೇಕಾದ್ದು ಮುಡಬಿಯ ಕೇಸು. ಅದು ನಮ್ಮ ಕೆಲಸದ ಪದ್ಧತಿಯನ್ನೇ ತಿರುಗಿಸಿ ಹಾಕಿತು.

ಮೊದಲು ಆ ಪದ್ಧತಿ ಹೇಳಬೇಕು. ದೂರು ಬಂದರೆ ಲೈನ್‌ಮನ್ ಹೋಗುತ್ತಾನೆ, ತಂತಿ ನೋಡುತ್ತಾನೆ. ಆಮೇಲೆ ನಾವು ಎಕ್ಸ್‌ಚೇಂಜಿನಿಂದ ಆ ಮನೆಗೆ ಘಂಟೆ ಬಾರಿಸುತ್ತೇವೆ. ಗ್ರಾಹಕರು ಎತ್ತಿ “ಹ್ಞೂಂ ರೀ, ಚಾಲೂ ಆಗೇದ” ಎಂದರೆ ದೂರು ಮುಗಿಯಿತು. ಘಂಟೆ ಆಗಿಯೂ ಯಾರೂ ಎತ್ತದಿದ್ದರೆ? ಲೈನು ಸರಿಯಿದೆ, ಮನೆಗೆ ಬೀಗ. ಆಗಲೂ ಮುಗಿಯಿತು. ಎತ್ತಿ ಮಾತಾಡದಿದ್ದರೆ? ಯಂತ್ರ ಕೆಟ್ಟಿದೆ, ಹೊಸ ಫೋನ್ ಕಳಿಸಿ. ಇಷ್ಟು ಸರಳ. ಯಾವ ಕಾಲದಿಂದ ನಡೆದು ಬಂದಿತ್ತೋ, ಯಾರೂ ಎರಡನೇ ಸಲ ಯೋಚಿಸಿರಲಿಲ್ಲ.

ಒಂದು ದಿನ ಮಧ್ಯಾಹ್ನ ಖಾಕಿ ಅಂಗಿಯ ಒಬ್ಬರು ನನ್ನ ಮೇಜಿನ ಮುಂದೆ ನಿಂತರು. ಮುಡಬಿಯಿಂದ ಬಸವಕಲ್ಯಾಣಕ್ಕೆ ಶೇರ್ ಆಟೋ ಓಡಿಸುವ ಮಸ್ತಾನ್ ಸಾಬ್. ಕಂಕುಳಲ್ಲಿ ಬಟ್ಟೆಯ ಗಂಟು. ಬಿಚ್ಚಿದರೆ ಮೂರು ಟೆಲಿಫೋನು, ಮೂರೂ ಹೊಸ ವಾಸನೆ.

“ಇವು ನಿಮ್ಮವು ಮೇಡಂ. ನೀವs ಇಟ್ಕೋರಿ. ನನಗ ದೀಪ ಬೇಕು.”

“ಯಾವ ದೀಪ ಭಾಯಿ?”

“ಆ ಡಬ್ಬಿದು. ಬಿರಾಡಬ್ಯಾಂಡದು. ಹಾಕಿ ಹೋದಾಗಿಂದ ಕೆಂಪ ಅದ, ಹಸರ ಆಗವಲ್ದು. ನಾ ಬಂದು ಹೇಳಿದಾಗೆಲ್ಲಾ ನಿಮ್ಮ ಮಂದಿ ಬಂದು ಒಂದು ಫೋನ್ ಕೊಟ್ಟು ಹೋಗತಾರ. ಫೋನಿನ ದುಕಾನ್ ಇಡ್ಲೇನು ನಾ?”

ಪಕ್ಕದ ಮೇಜಿನ ಸಹೋದ್ಯೋಗಿ ಹಳೆಯ ದೂರುಗಳನ್ನು ತೆಗೆದು ಓದಿದ. ‘ಘಂಟೆ ಆಗಿದೆ, ಎತ್ತಿಲ್ಲ, ಮುಗಿದಿದೆ.’ ‘ಎತ್ತಿದ್ದಾರೆ, ಧ್ವನಿ ಇಲ್ಲ, ಯಂತ್ರ ಬದಲಿಸಿದೆ, ಮುಗಿದಿದೆ.’ ಹೀಗೇ ಕೆಳತನಕ.

“ಮನೆಯಲ್ಲಿ ಹಗಲು ಯಾರಿರುತ್ತಾರೆ?” ಎಂದೆ.

“ಮಗಳು ಜುಬೇದಾ. ಹೊಲಿಗಿ ಮಾಡತಾಳ.”

“ಹಾಗಾದರೆ ಆಕೆ ಯಾಕೆ ಮಾತಾಡುವುದಿಲ್ಲ?”

ಅವರು ಮೂರೂ ಫೋನುಗಳ ಮೇಲೆ ಬಟ್ಟೆ ಎಳೆದರು. “ಹುಟ್ಟಿದಾಗಿಂದ ಆಕಿಗಿ ಕಿವಿ ಕೇಳಂಗಿಲ್ರಿ. ಬಾಯೂ ಇಲ್ಲ.”

ಪಕ್ಕದವನಿಗೆ ನಗು ತಡೆಯಲಾಗಲಿಲ್ಲ. “ಮತ್ತ ಟೆಲಿಫೋನ್ ಯಾಕ ತಗೊಂಡ್ರಿ ಚಾಚಾ? ಪೂಜಾ ಮಾಡ್ಲಿಕ್ಕೇನು?”

ಮಸ್ತಾನ್ ಸಾಬ್ ಅವನತ್ತ ತಿರುಗಲಿಲ್ಲ. ನನಗೇ ಹೇಳಿದರು. ಸೋಲಾಪುರದ ಒಂದು ಮನೆತನದಿಂದ ಸಂಬಂಧ ಬಂದಿದೆ. ಹುಡುಗನೂ ಕಿವಿ ಕೇಳದವನು, ಪ್ರೆಸ್ಸಿನಲ್ಲಿ ಕೆಲಸ. ಹಿರಿಯರಿಗೆಲ್ಲ ಒಪ್ಪಿಗೆ. ಹುಡುಗಿ ನೋಡುವ ದಿನ ಎರಡೂ ಕಡೆಯವರು ಗಂಟಲು ಹರಿಯುವಂತೆ ಮಾತಾಡಿದರು, ಲಗ್ನ ಆಗುವವರಿಬ್ಬರು ಮೂಲೆಯಲ್ಲಿ ಗೊಂಬೆಗಳಂತೆ ಕೂತಿದ್ದರು. ಅವರು ಎದ್ದು ಹೋದ ಮೇಲೆ ಜುಬೇದಾ ಹಟ ಹಿಡಿದಳು: ಅವನ ಜೊತೆ ನಾನೇ ಮಾತಾಡಬೇಕು, ನಡುವೆ ಯಾರೂ ಇರಬಾರದು, ಆಮೇಲೆ ಹೇಳುತ್ತೇನೆ. ವಸತಿ ಶಾಲೆಯಲ್ಲಿ ಓದಿದವಳು, ಬರೆಯಲು ಬರುತ್ತದೆ, ಸನ್ನೆಯ ಭಾಷೆ ಬರುತ್ತದೆ. ಈಮೇಲ್ ಇದೆ, ಪರದೆಯಲ್ಲಿ ಮುಖ ನೋಡಿ ಕೈಯಲ್ಲಿ ಮಾತಾಡಬಹುದು ಅಂತ ಗೆಳತಿಯರಿಂದ ತಿಳಿದಿದ್ದಳು. ಹೊಲಿಗೆಯ ಸಂಪಾದನೆಯಲ್ಲೇ ಹಳೆಯ ಕಂಪ್ಯೂಟರ್ ತರಿಸಿಕೊಂಡಿದ್ದಳು.

“ರಂಜಾನ್ ಈದ್ ತನಕ ತಡೀತೀವಿ ಅಂದಾರ್ರಿ ಸೋಲಾಪುರದವರು. ಈದ್ ಆದ ಮ್ಯಾಲ ಬಂದು ಹೂಂ ಅನ್ನಿಸ್ಕೊಂಡು ಹೋಗತಾರ. ನಾನೂ ಅಷ್ಟs ಹೇಳೀನಿ ಬೇಟಿಗೆ. ಈದ್ ತನಕ ಫೈಸಲಾ ನಿಂದು, ಆಮ್ಯಾಲ ನಂದು.”

ರಂಜಾನ್ ಆಗಲೇ ಶುರುವಾಗಿತ್ತು. ಮಸ್ತಾನ್ ಸಾಬ್ ಉಪವಾಸದಲ್ಲಿದ್ದರು. ನಾನು ನೀರು ಕೊಡಹೋಗಿ ಕೈ ಹಿಂದಕ್ಕೆ ತೆಗೆದೆ.

ಮರುದಿನ ಲೈನ್‌ಮನ್ ಶಿವಶರಣಪ್ಪನನ್ನು ಕರೆದುಕೊಂಡು ಮುಡಬಿಗೆ ಹೋದೆ. ಮೇಜಿನವರು ಊರಿಗೆ ಹೋಗುವ ಪದ್ಧತಿ ಇರಲಿಲ್ಲ. ದಾರಿಯುದ್ದಕ್ಕೂ ಶಿವಶರಣಪ್ಪ ಗೊಣಗಿದ: “ಮಿಸ್, ನೀವು ಸೀರಿ ಉಟ್ಕೊಂಡು ಕಂಬ ಏರವರೇನು?”

“ನೀನು ಏರು, ನಾನು ಕೇಳುತ್ತೇನೆ.”

ಜುಬೇದಾ ಹೊಲಿಗೆ ಯಂತ್ರದ ಮುಂದೆ ಇದ್ದಳು. ಇಪ್ಪತ್ತರ ಆಚೆಯ ಹುಡುಗಿ, ಹುಬ್ಬು ಕೂಡಿಸಿ ನೋಡುವ ನೋಟ. ಮೇಜಿನ ಮೇಲೆ ನಮ್ಮ ನಾಲ್ಕನೆಯ ಫೋನು, ಹೊಲಿಗೆ ಯಂತ್ರಕ್ಕೆ ಆನಿಸಿ ಇಟ್ಟಿದ್ದಳು. ಒಂದು ಕಪ್ಪು ಬಟ್ಟೆಯ ತುಂಡನ್ನು ಮೇಜಿಗೆ ಬಿಗಿದು, ಅದರ ಮೇಲೆ ದರ್ಜಿಯ ಸೀಮೆಸುಣ್ಣದಿಂದ ನನಗೆ ಬರೆದಳು: ‘ಘಂಟೆ ಆದರೆ ಮೇಜು ನಡುಗುತ್ತದೆ. ಆದರೆ ನಾನು ಹೊಲಿಯುವಾಗಲೂ ಮೇಜು ನಡುಗುತ್ತದೆ.’ ಒರೆಸಿ ಮತ್ತೆ: ‘ನಿಮ್ಮ ಘಂಟೆಗಾಗಿ ಎರಡು ದಿನ ಹೊಲಿಗೆ ಬಿಟ್ಟು ಕೈ ಇಟ್ಟು ಕೂತೆ. ಆ ಎರಡು ದಿನ ನೀವು ಬಾರಿಸಲೇ ಇಲ್ಲ.’ ಒರೆಸಿ ಮತ್ತೆ: ‘ಆಮೇಲೆ ಮೂರು ಸಲ ಸಿಕ್ಕಿತು. ಎತ್ತಿದೆ. ಎತ್ತಿ ಏನು ಮಾಡಲಿ?’

ಎತ್ತಿ ಏನು ಮಾಡಬೇಕಿತ್ತು, ಪಾಪ. ಆ ಕಡೆ ನಮ್ಮವನು ಹಲೋ ಹಲೋ ಎಂದು ಕೂಗಿ, ಯಂತ್ರ ಕೆಟ್ಟಿದೆ ಎಂದು ಬರೆದ. ಪ್ರತಿ ಸಲವೂ ಆಕೆಗೊಂದು ಹೊಸ ಫೋನು ಬಂತು. ನಾನು ಅಲ್ಲೇ ನಕ್ಕುಬಿಟ್ಟೆ. ನಕ್ಕದ್ದು ತಪ್ಪಾಯಿತೇನೋ ಎಂದು ನೋಡಿದರೆ ಆಕೆಯೂ ನಗುತ್ತಿದ್ದಳು, ಸದ್ದಿಲ್ಲದೆ, ಭುಜ ಕುಣಿಸಿ.

ನಾನು ರಿಸೀವರ್ ಕಿವಿಗಿಟ್ಟೆ. ಡಯಲ್ ಟೋನ್ ಚೆನ್ನಾಗಿದೆ. ಆದರೆ ಅದರ ಹಿಂದೆ, ತೀರಾ ಹಿಂದೆ, ಅಳ್ಳು. ಚಟ್, ಚಟ್.

ಕಂಬದಿಂದ ಮನೆಗೆ ಬರುವ ತಂತಿಯನ್ನು ಯಾರೋ ಹಿಂದೆ ನಾಲ್ಕು ಕಡೆ ಕೈಯಲ್ಲೇ ತಿರುಚಿ ಜೋಡಿಸಿದ್ದರು. ಮೇಲೆ ಹಾಲಿನ ಪಾಕೀಟಿನ ಸುತ್ತು, ಒಳಗೆಲ್ಲ ಹಸಿರು ತುಕ್ಕು. ಹುಡುಗಿಯರೇ, ಇಲ್ಲಿ ಗಮನವಿಡಿ. ಘಂಟೆ ಬಾರಿಸಲು ಎಂಥ ಹರಕು ತಂತಿಯಾದರೂ ಸಾಕು. ಬ್ರಾಡ್‌ಬ್ಯಾಂಡಿಗೆ ಸಾಲದು. ನಾವು ಇಡೀ ತಾಲೂಕಿನ ಬ್ರಾಡ್‌ಬ್ಯಾಂಡ್ ದೂರುಗಳನ್ನು ಘಂಟೆ ಬಾರಿಸಿ ಮುಗಿಸುತ್ತಿದ್ದೆವು. ಘಂಟೆ ಕೇಳಿಸುವವರು “ಫೋನ್ ಸರಿ ಅದ, ನೆಟ್ ಇಲ್ಲ” ಎಂದು ಬೈದು ಬೈದು ಕೆಲಸ ಮಾಡಿಸಿಕೊಳ್ಳುತ್ತಿದ್ದರು. ಈಕೆಗೆ ಬೈಯಲೂ ನಾವು ದಾರಿ ಇಟ್ಟಿರಲಿಲ್ಲ.

“ಪೂರಾ ಹೊಸ ವೈರ್ ಎಳೀಬೇಕ್ರಿ ಮಿಸ್,” ಶಿವಶರಣಪ್ಪ ಕಂಬದ ಮೇಲಿಂದ ಕೂಗಿದ. “ಬಸವಕಲ್ಯಾಣದ ಸ್ಟೋರಿನಾಗ ಒಂದು ಮೊಳನೂ ಇಲ್ಲ.”

ಹುಮನಾಬಾದಿನಲ್ಲಿ ಇತ್ತು. ಇಂಡಸ್ಟ್ರಿಯಲ್ ಏರಿಯಾದಲ್ಲಿ ಮುಚ್ಚಿದ ಕೆಮಿಕಲ್ ಫ್ಯಾಕ್ಟರಿಯೊಂದರಿಂದ ಬಿಚ್ಚಿ ತಂದ ಒಳ್ಳೆಯ ತಂತಿ, ಸುರುಳಿ ಸುತ್ತಿ ನಮ್ಮ ಕೋಣೆಯಲ್ಲೇ ಬಿದ್ದಿತ್ತು. ಆದರೆ ಅದನ್ನು ಮುಟ್ಟಲು ಪಾಟೀಲ ಸಾಹೇಬರ ಸಹಿ ಬೇಕು. ಸಾಹೇಬರು ನಮ್ಮ ಮೇಲಧಿಕಾರಿ, ಒಳ್ಳೆಯವರೇ, ಆದರೆ ರೂಲ್ ಬುಕ್ಕನ್ನು ತಲೆದಿಂಬಿನ ಕೆಳಗಿಟ್ಟು ಮಲಗುವ ಜಾತಿ.

“ದೂರು ಎಲ್ಲಿ ಅದ ಮಿಸ್? ಎಲ್ಲಾ ಕ್ಲೋಸ್ ಆಗ್ಯಾವ,” ಎಂದರು. “ಬಂದ್ ಆದ ದೂರಿಗೆ ಮಾಲು ಕೊಡಲಿಕ್ಕೆ ಬರಂಗಿಲ್ಲ.”

“ಕ್ಲೋಸ್ ಮಾಡಿದ್ದೇ ತಪ್ಪು ಸರ್. ಆಕೆ ಮಾತಾಡಲಾರಳು.”

“ಟೆಲಿಫೋನ್ ಇಲಾಖೆ ಅದ ಇದು. ಮಾತಾಡಲಾರದವರ ಸಲುವಾಗಿ ನಾ ಯಾವ ರೂಲ್ ನೋಡ್ಲಿ? ಜಿಲ್ಲಾ ಆಫೀಸಿಗೆ ಬರೀತೀನಿ. ಅವರು ಹ್ಯಾಂಗ ಹೇಳತಾರ ಹಾಂಗ.”

ಜಿಲ್ಲಾ ಆಫೀಸು ಉತ್ತರಿಸುವಷ್ಟರಲ್ಲಿ ಜುಬೇದಾ ಸೋಲಾಪುರದಲ್ಲಿ ಬಾಳುವೆ ಮಾಡುತ್ತಿರುತ್ತಾಳೆ. ನಾನು ನನ್ನ ಮೇಜಿಗೆ ಬಂದೆ. ಹೆಡ್‌ಸೆಟ್ ಹಾಕಿಕೊಂಡು ಸಾಹೇಬರ ಕೋಣೆಗೆ ಘಂಟೆ ಬಾರಿಸಿದೆ.

“ಹಲೋ,” ಎಂದರು. ನಾನು ಸುಮ್ಮನಿದ್ದೆ. “ಹಲೋ, ಯಾರ್ರಿ? ಹಲೋ?” ಇಟ್ಟರು. ಮತ್ತೆ ಬಾರಿಸಿದೆ. ಮತ್ತೆ ಹಲೋ. ಎಕ್ಸ್‌ಚೇಂಜಿನಲ್ಲಿ ಎಲ್ಲರೂ ಕೆಲಸ ಬಿಟ್ಟು ನನ್ನನ್ನೇ ನೋಡುತ್ತಿದ್ದರು. ಮೂರನೆಯ ಸಲ ಇಟ್ಟವರು ಕೋಣೆಯ ಬಾಗಿಲಿಗೇ ಬಂದರು.

“ಮಿಸ್, ನನ್ನ ಫೋನ್ ಖರಾಬ್ ಆಗೇದ. ಆವಾಜ್ ಬರವಲ್ದು. ಬ್ಯಾರೆ ಇನ್‌ಸ್ಟ್ರುಮೆಂಟ್ ಹಾಕಸ್ರಿ.”

ನಾನು ಮಸ್ತಾನ್ ಸಾಬರ ಗಂಟು ಬಿಚ್ಚಿ ಮೂರು ಫೋನು ಮುಂದೆ ಸರಿಸಿದೆ. “ಯಾವುದು ಬೇಕು ಆರಿಸಿಕೊಳ್ಳಿ ಸರ್. ನಿಮ್ಮ ಫೋನ್ ಸರಿಯಿದೆ. ಈಗ ಮಾತಾಡಿದ್ದು ಮುಡಬಿಯ ಜುಬೇದಾ.”

ಸಾಹೇಬರು ಒಂದು ಫೋನು ಎತ್ತಿ ನೋಡಿ ಮತ್ತೆ ಬಟ್ಟೆಯ ಮೇಲಿಟ್ಟರು. ಯಾರೂ ನಗಲಿಲ್ಲ. ನಕ್ಕಿದ್ದರೆ ಕೆಲಸ ಕೆಡುತ್ತಿತ್ತು. “ವೈರ್ ತಗೊಂಡು ಹೋಗ್ರಿ,” ಎಂದರು. ಬಾಗಿಲು ಮುಚ್ಚುವ ಮುನ್ನ ಮತ್ತೆ: “ಮತ್ತ ನನಗ ಹಿಂಗ ಘಂಟಿ ಬಾರಿಸಬ್ಯಾಡ್ರಿ.”

ಶಿವಶರಣಪ್ಪ ಆ ಸುರುಳಿಯನ್ನು ಮಸ್ತಾನ್ ಸಾಬರ ಆಟೋದ ಮೇಲೆಯೇ ಕಟ್ಟಿಕೊಂಡು ಹೋದ. ಕಂಬದಿಂದ ಮನೆಗೆ ಒಂದೇ ಉದ್ದ, ನಡುವೆ ಒಂದೂ ಗಂಟಿಲ್ಲ. ಈ ಸಲ ನಾನು ಘಂಟೆ ಬಾರಿಸಲಿಲ್ಲ. ಮೋಡೆಮ್ ಎಕ್ಸ್‌ಚೇಂಜಿಗೆ ಕೂಡಿಕೊಂಡರೆ ನಮ್ಮ ಕಡೆಯ ಯಂತ್ರದ ಪರದೆಯಲ್ಲಿ ಕಾಣುತ್ತದೆ. ಮೊದಲಿನಿಂದಲೂ ಕಾಣುತ್ತಿತ್ತು, ನೋಡುವ ರೂಢಿ ಇರಲಿಲ್ಲ ಅಷ್ಟೆ. ಅದರ ಮುಂದೆ ಕೂತೆ. ಮುಡಬಿಯ ಸಾಲು ಎದ್ದಿತು. ಬಿತ್ತು. ಮತ್ತೆ ಎದ್ದಿತು, ನಿಂತಿತು. ಆಮೇಲೆ ಆಫೀಸಿನ ಈಮೇಲ್ ತೆರೆದು ಕಾದೆ. ಆ ಈಮೇಲ್ ವಿಳಾಸಕ್ಕೆ ಅಲ್ಲಿಯವರೆಗೆ ಗ್ರಾಹಕರು ಯಾರೂ ಬರೆದಿರಲಿಲ್ಲ. ಬರೆಯಬಹುದು ಎಂದು ನಾವು ಹೇಳಿದ್ದರೆ ತಾನೆ. ಮೊದಲ ಮೇಲ್ ಬಂತು, ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ: ‘ಹಸಿರು ದೀಪ ಬಂದಿದೆ. ಇನ್ನು ಮೇಲೆ ಫೋನ್ ಕಳಿಸಬೇಡಿ.’

ಇಡೀ ಎಕ್ಸ್‌ಚೇಂಜಿಗೆ ಓದಿ ಹೇಳಿದೆ. ಪೂಜೆಯ ಮಾತಾಡಿದ್ದ ಪಕ್ಕದ ಮೇಜಿನವನೇ ಎಲ್ಲರಿಗೂ ಚಹಾ ತರಿಸಿದ.

ಈದ್‌ಗೆ ಇನ್ನೂ ದಿನ ಉಳಿದಿದ್ದವು. ನನಗೆ ಆಗಾಗ ಜುಬೇದಾಳ ಮೇಲ್ ಬರುತ್ತಿತ್ತು. ಪರದೆಯಲ್ಲಿ ಕೈ ಬೇಗ ಆಡಿಸಿದರೆ ಬರೀ ಮಸುಕು, ಆದ್ದರಿಂದ ನಿಧಾನಕ್ಕೆ ಮಾತಾಡುತ್ತೇವೆ, ಮುದುಕರ ಹಾಗೆ, ಎಂದು ಬರೆದಳು. ಅವನ ಈಮೇಲ್‌ಗಳು ಬಹಳ ಚಂದ, ಶಾಯರಿ ಹಾಕಿ ಬರೆಯುತ್ತಾನೆ, ಎಂದಳು. ನಮ್ಮಲ್ಲಿ ಎಲ್ಲರಿಗೂ ಅದೇ ಮಾತು. ಶಿವಶರಣಪ್ಪನಂತೂ ಲಗ್ನದ ಊಟ ನನ್ನ ವೈರಿನ ಮೇಲೆ ನಡೆದದ ಎಂದು ಹೇಳಿಕೊಂಡು ತಿರುಗುತ್ತಿದ್ದ.

ಈದ್ ಆಯಿತು. ಮಸ್ತಾನ್ ಸಾಬ್ ದೊಡ್ಡ ಡಬ್ಬಿಯಲ್ಲಿ ಹಬ್ಬದ ಶಾವಿಗೆ ಪಾಯಸ, ಶೀರ್‌ಖುರ್ಮಾ ತಂದರು. ಎಲ್ಲರೂ ಸುತ್ತ ನೆರೆದೆವು.

“ಬ್ಯಾಡ ಅಂದಳ್ರಿ,” ಎಂದರು.

ಸಾಹೇಬರ ಕೈಯಲ್ಲಿದ್ದ ಬಟ್ಟಲು ಅರ್ಧದಲ್ಲೇ ನಿಂತಿತು. “ಬ್ಯಾಡ? ಇಷ್ಟು ವೈರ್ ಎಳಸಿ ಬ್ಯಾಡ?”

“ಕೂಡ್ರಿ ಸಾಹೇಬ್, ಹೇಳತೀನಿ. ಮೇಲಿನಾಗ ಶಾಯರಿ ಬರ್ದಿದ್ದನಲ್ಲ, ಬೇಟಿ ಪರದೆ ಮ್ಯಾಲ ಅದನ್ನs ಕೇಳ್ಯಾಳ. ನೀ ಬರ್ದಿದ್ದು ಇನ್ನೊಮ್ಮೆ ಕೈಲೆ ಹೇಳು ಅಂತ. ಅವಗ ಗೊತ್ತs ಇಲ್ಲ. ಬರೀತಿದ್ದವ ಅವನ ಅಣ್ಣ. ಕಿವಿ ಕೇಳವ.”

“ಅರೆ, ಧೋಕಾ,” ಎಂದ ಪಕ್ಕದವನು.

“ಪೂರಾ ಕೇಳ್ರಿ. ಆ ಹುಡುಗ ಅತ್ತುಬಿಟ್ಟ. ಅವನ ಪ್ರೆಸ್ಸಿನಾಗ ಒಬ್ಬಾಕಿ ಅದಾಳಂತ, ಅವಳನ್ನs ಮಾಡ್ಕೋಬೇಕು ಅಂತ ಅವನ ಮನಸ್ಸು. ಮನ್ಯಾಗ ಅವನ ಕೈ ಕಡೆ ಯಾರೂ ನೋಡವಲ್ರು. ಕೇಳಿದಾಕಿ ನಮ್ಮ ಬೇಟಿ ಒಬ್ಬಾಕಿನs. ಇಬ್ಬರೂ ಕೂಡಿ ಠರಾವು ಮಾಡ್ಯಾರ. ಇಕಡಿ ಇಕಿ ಬ್ಯಾಡ ಅಂದಳು, ಅಕಡಿ ಅವ ಬ್ಯಾಡ ಅಂದ.” ಅವರು ಡಬ್ಬಿಯ ತಳ ಕೆರೆದು ನನ್ನ ಬಟ್ಟಲಿಗೆ ಹಾಕಿದರು. “ನಾ ಒಂದು ದಿನ ಸಿಟ್ಟಾದೆ ಖರೇ. ಆಮ್ಯಾಲ ಕೂತು ವಿಚಾರ ಮಾಡಿದೆ. ನಾ ಹೂಂ ಅಂದಿದ್ರ ನನ್ನ ಮಗಳು ಯಾರನ್ನ ಮಾಡ್ಕೋತಿದ್ದಳು? ಆ ಅಣ್ಣನ ಶಾಯರಿನ.”

ಸಾಹೇಬರು ಶೀರ್‌ಖುರ್ಮಾ ಮುಗಿಸಿದರು. ನಾನು ಬಾಯಿ ಬಿಟ್ಟು ಕೇಳಬೇಕಾಗಲಿಲ್ಲ. ಮುಂದಿನ ವಾರದಿಂದ ಬ್ರಾಡ್‌ಬ್ಯಾಂಡ್ ದೂರನ್ನು ಘಂಟೆ ಬಾರಿಸಿ ಮುಗಿಸಬಾರದು, ಪರದೆಯಲ್ಲಿ ಸಾಲು ನಿಂತಿದೆಯೇ ನೋಡಬೇಕು, ಬರೆಯಬಲ್ಲವರಿಂದ ಈಮೇಲ್‌ನಲ್ಲಿ ಒಪ್ಪಿಗೆ ಪಡೆಯಬೇಕು ಎಂದು ಅವರೇ ನಮ್ಮೆಲ್ಲರನ್ನು ನಿಲ್ಲಿಸಿ ಹೇಳಿದರು. ತಮ್ಮದೇ ಐಡಿಯಾ ಎಂಬ ಹಾಗೆ ಹೇಳಿದರು. ಹೇಳಲಿ. ಐ ವಾಸ್ ಸೋ ಹ್ಯಾಪಿ, ನನಗೆ ಅದರಿಂದ ಏನೂ ಅನ್ನಿಸಲಿಲ್ಲ. ಅದಾದ ಮೇಲೆ ಮುಡಬಿಯಿಂದ, ಸುತ್ತಲ ಹಳ್ಳಿಗಳಿಂದ ಒಂದೊಂದಾಗಿ ಮೇಲ್ ಬರತೊಡಗಿದವು. ಬೈಗುಳವೂ ಮೇಲ್‌ನಲ್ಲೇ, ಕಾಗುಣಿತ ತಪ್ಪಿ.

ಜುಬೇದಾ ಅದೇ ಲೈನಿನ ಮೇಲೆ ಬ್ಲೌಸಿನ ಅಳತೆ, ಚಿತ್ರ ತರಿಸಿಕೊಂಡು ಹೊಲಿದು ಕಳಿಸತೊಡಗಿದಳು. ಕೆಲವು ವರ್ಷಗಳ ಮೇಲೆ ಬಸವಕಲ್ಯಾಣದಲ್ಲಿ ಅಂಗಡಿ ಹಾಕಿದಳು. ಲಗ್ನ ಆಯಿತೇ ಎಂದು ಕೇಳಬೇಡಿ. ಆಯಿತು, ತಾನೇ ಮಾತಾಡಿ ಆರಿಸಿದವನ ಜೊತೆ. ಆ ಕಥೆ ಆಕೆಯದು, ಬೇಕಾದರೆ ಆಕೆಯನ್ನೇ ಕೇಳಿ. ನಾನು ಬಿಡುವಿದ್ದಾಗ ಅಂಗಡಿಗೆ ಹೋಗಿ ಕೂರುತ್ತಿದ್ದೆ. ಆಕೆ ನನಗೆ ಕೈಮಾತು ಕಲಿಸಿದಳು. ಕಾನ್ವೆಂಟಿನ ಸಿಸ್ಟರ್‌ಗಳಿಗಿಂತ ಸ್ಟ್ರಿಕ್ಟ್. ತಪ್ಪು ಮಾಡಿದರೆ ನನ್ನ ಬೆರಳು ಹಿಡಿದು ನೆಟ್ಟಗೆ ಮಾಡುತ್ತಿದ್ದಳು. ಬಾಯಿಂದಲೇ ಸಂಬಳ ತಿಂದ ನನಗೆ ಆ ಅಂಗಡಿಯಲ್ಲಿ ಸುಮ್ಮನಿದ್ದು ಮಾತಾಡುವುದು ಎಷ್ಟು ಹಿತವಾಗಿತ್ತು, ಹೇಗೆ ಹೇಳಲಿ.

ಆಕೆಯನ್ನು ಕಡೆಯ ಸಲ ಕಂಡದ್ದು ಬಸವಕಲ್ಯಾಣದ ಬಸ್ ನಿಲ್ದಾಣದಲ್ಲಿ. ನಾನು ಹುಮನಾಬಾದಿನ ಬಸ್ಸು ಹತ್ತಿ ಕೂತಿದ್ದೆ. ಕಿಟಕಿಯ ಗಾಜು ಸಿಕ್ಕಿಕೊಂಡು ಸರಿಯುತ್ತಿರಲಿಲ್ಲ. ಇಂಜಿನ್ ಚಾಲೂ ಇತ್ತು. ನನ್ನ ಮುಂದಿನ ಸೀಟಿನ ಹೆಂಗಸು ಕೆಳಗೆ ನಿಂತ ಅಳಿಯನಿಗೆ ಗಾಜಿನೊಳಗಿಂದಲೇ “ಗ್ಯಾಸ್ ಬಂದ್ ಮಾಡೀಯೇನು” ಎಂದು ಕೂಗುತ್ತಿದ್ದಳು. ಅವನು ಕಿವಿಗೆ ಕೈ ಹಚ್ಚಿ “ಏನು? ಏನು?” ಎನ್ನುತ್ತಿದ್ದ. ಅಷ್ಟರಲ್ಲಿ ಜನರ ನಡುವೆ ಜುಬೇದಾ ಕಂಡಳು, ಎರಡೂ ಕೈಯಲ್ಲಿ ಬಟ್ಟೆಯ ಚೀಲ. ನನ್ನನ್ನು ನೋಡಿ ಚೀಲ ಕೆಳಗಿಟ್ಟಳು.

ಎಲ್ಲಿಗೆ, ಎಂದು ಕೇಳಿದಳು. ಕಣ್ಣಿಗೆ ಮೋತಿಬಿಂದು, ಪೊರೆ ಬಂದಿದೆ, ಆಪರೇಷನ್, ಎಂದೆ. ಎರಡೂ ಕಣ್ಣಿಗೇ? ಮೊದಲು ಒಂದಕ್ಕೆ. ನನ್ನ ಕೈ ಕಾಣುತ್ತಿದೆಯೇ ಎಂದಳು. ಸ್ವಲ್ಪ ಮಂಜು, ಎಂದೆ. ಆಕೆ ಒಂದು ಹೆಜ್ಜೆ ಮುಂದೆ ಬಂದು, ಗಾಜಿಗೆ ಹತ್ತಿರವಾಗಿ, ಕೈ ದೊಡ್ಡದಾಗಿ, ನಿಧಾನವಾಗಿ ಆಡಿಸಿದಳು: ಬೇಗ ಮಾಡಿಸಿಕೊಂಡು ಬಾ. ಮಾತು ಬಹಳ ಉಳಿದಿದೆ.

ಬಸ್ಸು ಹಿಂದಕ್ಕೆ ಸರಿದು ತಿರುಗಿತು. ಮುಂದಿನ ಸೀಟಿನಾಕೆ ಇನ್ನೂ ಗ್ಯಾಸಿನ ಬಗ್ಗೆ ಕೂಗುತ್ತಲೇ ಇದ್ದಳು. ನಾವಿಬ್ಬರೂ ಗೇಟಿನ ತನಕ ಮಾತಾಡಿದೆವು.